ಜೀರಿಗೆ ಮಾವು ಕಡಿದ ಲೈನ್‌ಮನ್

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಕರೆಂಟ್ ಹೋದಾಗ. ಬೆಳಿಗ್ಗೆ ಒಂಬತ್ತಕ್ಕೆ ಹೋದದ್ದು ಮಧ್ಯಾಹ್ನ ಎರಡಾದರೂ ಬರಲಿಲ್ಲ. ರುಬ್ಬಲು ನೆನೆಹಾಕಿದ ಅಕ್ಕಿ ಹಾಗೇ ಕೂತಿತ್ತು. ಸಿಟ್ಟು ಬಂದು ರಿಪ್ಪನ್‌ಪೇಟೆಯ ಕರೆಂಟ್ ಆಫೀಸಿಗೆ ಫೋನ್ ಮಾಡಿದೆ. ಎತ್ತಿದವರು ನನ್ನ ದನಿ ಗುರುತಿಸಿ, "ಟೀಚರ್, ಇವತ್ತು ಇಲ್ಲಿ ಜನ ಇಲ್ಲ. ಎಲ್ಲ ತೀರ್ಥಹಳ್ಳಿ ಕಡೆ ಹೋಗಿದಾರೆ. ನಿಮ್ಮ ಹಳೇ ಲೈನ್‌ಮನ್ ಹೋಗ್ಬಿಟ್ರಂತೆ" ಎಂದರು. ಬೈಯಲೆಂದು ಬಾಯಿಗೆ ತಂದುಕೊಂಡ ಮಾತು ಅಲ್ಲೇ ಉಳಿಯಿತು. ಫೋನಿಟ್ಟು ಜಗುಲಿಯಲ್ಲಿ ಕೂತೆ. ಅಳು ಬರಲಿಲ್ಲ. ಈ ವಯಸ್ಸಿನಲ್ಲಿ ಸಾವಿನ ಸುದ್ದಿಗಳು ವಾರಕ್ಕೊಂದರಂತೆ ಬರುತ್ತವೆ, ಅಳುವುದಕ್ಕೂ ಮೈಯಲ್ಲಿ ಕಸುವು ಬೇಕು. ಆದರೆ ನನ್ನನ್ನು ಅಲ್ಲಿ ಕೂರಿಸಿದ್ದು ದುಃಖವೊಂದೇ ಅಲ್ಲ ಎಂಬುದು ನನಗೆ ಗೊತ್ತಿತ್ತು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ನಮ್ಮ ಕಡೆಯ ಲೈನ್ ನೋಡಿಕೊಂಡಿದ್ದರು. ಸಣ್ಣ ಆಳು. ಖಾಕಿ ಅಂಗಿ ಯಾವಾಗಲೂ ಎರಡು ಅಳತೆ ದೊಡ್ಡದು. ಎಡಗೆನ್ನೆಯ ಮೇಲೆ ಮಾವಿನ ಸೊನೆ ಸಿಡಿದು ಸುಟ್ಟ ಕಪ್ಪು ಕಲೆಗಳಿದ್ದವು. ಹೊಸಬರು ಅದನ್ನು ಕರೆಂಟ್ ಹೊಡೆದ ಗುರುತು ಎಂದುಕೊಂಡು ಮರುಗುತ್ತಿದ್ದರು. ಅವರು ತಿದ್ದಲು ಹೋಗುತ್ತಿರಲಿಲ್ಲ. "ಮರುಗಿದ್ರೆ ಒಂದು ಲೋಟ ಕಾಫಿ ಆದ್ರೂ ಕೊಡ್ತಾರೆ, ಬಿಡಿ ಟೀಚ್ರೆ" ಎನ್ನುತ್ತಿದ್ದರು.

ಊರು ತೀರ್ಥಹಳ್ಳಿಯ ಹತ್ತಿರ. ಅಲ್ಲಿ ಮನೆ, ಗದ್ದೆ ಎಲ್ಲ ಅಣ್ಣನ ಸುಪರ್ದಿನಲ್ಲಿತ್ತು. ಇವರದು ಪೇಟೆಯಲ್ಲೊಂದು ಬಾಡಿಗೆ ಕೋಣೆ, ಮುಂದೆ ಸಿಮೆಂಟಿನ ಅಂಗಳ. ಒಂದು ತುಳಸಿ ನೆಡಲೂ ಮಣ್ಣಿಲ್ಲ. ಹೆಂಡತಿ ಊರಿನಲ್ಲೇ ಇದ್ದರು, ಇವರು ಶನಿವಾರ ಸಂಜೆ ಕೋಣಂದೂರಿನ ಬಸ್ಸು ಹತ್ತಿ ಹೋಗಿ ಸೋಮವಾರ ಬರುತ್ತಿದ್ದರು. ಗಿಡ ನೆಡುವ ಹುಚ್ಚು ಇರುವ ಮನುಷ್ಯನಿಗೆ ದೇವರು ಹೀಗೆ ಸಿಮೆಂಟಿನ ಅಂಗಳ ಕೊಟ್ಟಿದ್ದ. ಅದಕ್ಕೇ ಅವರು ಊರವರ ಅಂಗಳಗಳಲ್ಲೆಲ್ಲ ನೆಟ್ಟರು.

ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವುದು ಅವರ ಕೆಲಸಗಳಲ್ಲೊಂದು. ಆಫೀಸಿನವರು ಅದನ್ನು ಜಂಗಲ್ ಕಟಿಂಗ್ ಎನ್ನುತ್ತಾರೆ. ಬೇರೆಯವರು ಬಂದರೆ ಗಂಟೆಯೊಳಗೆ ರಸ್ತೆ ಉದ್ದಕ್ಕೂ ಕೊಂಬೆ ಕೆಡವಿ ಹೋಗುತ್ತಿದ್ದರು. ಇವರದು ದಿನವಿಡೀ ನಡೆಯುತ್ತಿತ್ತು. ಮೊದಲು ಮನೆಯವರನ್ನು ಕರೆಯುವುದು. "ಕೇಳ್ತಿದೀರಾ, ಈ ಕೊಂಬೆ ತೆಗೀತೀನಿ, ಆ ಕೊಂಬೆ ಬಿಡ್ತೀನಿ." ಆಮೇಲೆ ಗೆಣ್ಣು ನೋಡಿ ಕಡಿಯುವುದು. ಕಡಿದ ಗಾಯಕ್ಕೆ ಸಗಣಿ ಕೇಳಿ ಮೆತ್ತುವುದು. ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಅವರು ಬರುವ ದಿನ ಬೆಳಿಗ್ಗೆಯೇ ಬುಟ್ಟಿಯಲ್ಲಿ ಸಗಣಿ ತೆಗೆದಿಡುತ್ತಿದ್ದರು.

ಮಾವಿನ ಮರವಾದರೆ ಕತೆ ಇನ್ನೂ ಉದ್ದ. ಒಂದು ಎಲೆ ಹಿಸುಕಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮನಸ್ಸಿಗೆ ಬಂದರೆ, ಕಡಿದ ಕೊಂಬೆಯಿಂದ ಪೆನ್ಸಿಲ್ ಗಾತ್ರದ ಕಡ್ಡಿಗಳನ್ನು ಆರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ಅದೇ ಚೀಲದಲ್ಲಿ ಕಟಿಂಗ್ ಪ್ಲೇಯರು, ಫ್ಯೂಸ್ ವೈರು. ಸಂಜೆ ಯಾರದೋ ಮನೆಯ ಹಿತ್ತಿಲಲ್ಲಿ ಕೂತು, ಗೊರಟಿನಿಂದ ಹುಟ್ಟಿದ ಅಡಿಗಿಡದ ತಲೆ ಕತ್ತರಿಸಿ, ಸೀಳಿ, ಈ ಕಡ್ಡಿಯನ್ನು ಕೂರಿಸಿ ಕಸಿ ಕಟ್ಟುತ್ತಿದ್ದರು. ಕಟ್ಟುವುದಕ್ಕೆ ಕರೆಂಟಿನವರ ಕೆಂಪು ಟೇಪು. ಮೇಲೆ ಮುಚ್ಚುವುದಕ್ಕೆ ಮಕ್ಕಳು ಚೀಪಿ ಎಸೆದ ಐಸ್ ಕ್ಯಾಂಡಿಯ ಪ್ಲಾಸ್ಟಿಕ್ ಕೊಟ್ಟೆ. ಶಾಲೆಯ ಮುಂದೆ ಬಿದ್ದ ಆ ಕೊಟ್ಟೆಗಳನ್ನು ಆರಿಸಿ ತೊಳೆದಿಡಲು ನನಗೆ ಹೇಳಿದ್ದರು. ನಾನು ವಿಜ್ಞಾನದ ಟೀಚರು, ಎಂಟನೇ ಕ್ಲಾಸಿಗೆ ಕಸಿ ಕಟ್ಟುವ ಪಾಠ ಮಾಡುವವಳು, ಚಿತ್ರ ಬರೆದು ಭಾಗ ಗುರುತಿಸಿ ಎನ್ನುವವಳು. ಒಂದು ಕಸಿಯನ್ನೂ ಕಟ್ಟಿದವಳಲ್ಲ. ಅವರಿಗದು ಗೊತ್ತಿತ್ತು, ಆಡಿ ತೋರಿಸುತ್ತಿರಲಿಲ್ಲ.

ಒಳ್ಳೆಯವರು ಎಂದು ಬರೆದುಬಿಟ್ಟರೆ ಮುಗಿಯಲಿಲ್ಲ, ಕಾಟವೂ ಕಡಿಮೆಯಿರಲಿಲ್ಲ. ಒಮ್ಮೆ ಲೈನ್ ಆಫ್ ಮಾಡಿಸಿ ಮರ ಹತ್ತಿದವರು ಕಡ್ಡಿ ಆರಿಸುತ್ತ ಮೈಮರೆತು, ಮೂರು ಊರಿಗೆ ಅರ್ಧ ದಿನ ಕರೆಂಟಿಲ್ಲ. ಗಿರಣಿಯವನು ಮರದ ಕೆಳಗೆ ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದರೆ ಇವರು ಮೇಲಿಂದಲೇ, "ಬರ್ತದೆ ಬಿಡಿ ಮಾರಾಯ್ರೆ" ಎಂದರಂತೆ. ಕರೆಂಟಿಗೂ ಅದೇ ಮಾತು, ಗಿಡಕ್ಕೂ ಅದೇ ಮಾತು. ಕಸಿ ಚಿಗುರಲಿಲ್ಲ ಎಂದರೆ ಬರ್ತದೆ ಬಿಡಿ, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದರೆ ಬರ್ತದೆ ಬಿಡಿ. ಎಷ್ಟೋ ಸಲ ನನಗೆ ಮೈ ಉರಿದಿದೆ. ಸಿಟ್ಟೂ ಇತ್ತು ಅವರಿಗೆ. ತಾವು ಕೊಟ್ಟ ಗಿಡ ಸತ್ತರೆ ಆ ಮನೆಯ ಯಜಮಾನನನ್ನು ಪೇಟೆಯ ನಡುವೆ ನಿಲ್ಲಿಸಿ ಕೇಳುತ್ತಿದ್ದರು. "ನೀರು ಹಾಕಕ್ಕೆ ಆಗದಿದ್ರೆ ಇಸ್ಕೊಂಡಿದ್ದು ಎಂತಕ್ಕೆ?" ಅವರ ಈ ಸಿಟ್ಟಿಗೆ ನಾನು ಹೆದರುತ್ತಿದ್ದೆ. ಈ ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮೂರ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮಿಡಿಯ ಮರವಿತ್ತು. ಉಪ್ಪಿನಕಾಯಿಗೆಂದೇ ಇರುವ ಕಾಡುಮಾವು ಅದು, ಹಣ್ಣಾಗಲು ಯಾರೂ ಬಿಡುವುದಿಲ್ಲ. ತೊಟ್ಟು ಮುರಿದರೆ ಜೀರಿಗೆಯ ಪರಿಮಳ, ಹಿಂದೆಯೇ ಕರ್ಪೂರದಂಥದ್ದು ಇನ್ನೇನೋ. ಅಂಥ ಮಿಡಿ ಈ ಹೊಸನಗರ, ಸಾಗರದ ಸುತ್ತಲೂ ಇನ್ನೊಂದಿಲ್ಲ ಎಂದು ನಮ್ಮವರ ಜಂಬ. ಮರ ಯಾರ ಸ್ವಂತದ್ದೂ ಅಲ್ಲ. ಮಿಡಿ ಬಲಿಯುವ ಮೊದಲು ಒಂದು ದಿನ ಗೊತ್ತುಮಾಡಿ ಎಲ್ಲ ಮನೆಯವರೂ ಹಳ್ಳಕ್ಕೆ ಇಳಿಯುತ್ತಿದ್ದೆವು. ಕೊಂಬೆ ಅಲ್ಲಾಡಿಸುವಂತಿಲ್ಲ. ಒಂದೊಂದನ್ನೂ ತೊಟ್ಟು ಸಮೇತ ಕೊಯ್ದು ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿ ಭರಣಿಗೆ ಸೇರಿದರೆ ಇಡೀ ಭರಣಿ ಕೊಳೆಯುತ್ತದೆ. ಕೊಯ್ದದ್ದನ್ನು ಮನೆಗಿಷ್ಟು ಎಂದು ಅಲ್ಲೇ ಬಂಡೆಯ ಮೇಲೆ ಪಾಲು ಮಾಡುತ್ತಿದ್ದೆವು. ಮಾತು ಬಿಟ್ಟ ಎರಡು ಮನೆಯವರೂ ಅವತ್ತು ಒಂದೇ ಬಂಡೆಯ ಮೇಲೆ ಕೂರುತ್ತಿದ್ದರು.

ಹಳ್ಳ ದಾಟಿಸಿ ಹೊಸ ಲೈನ್ ಎಳೆದರು. ಎರಡು ಮಳೆಗಾಲದಲ್ಲಿ ಮೂರು ಸಲ ಆ ಮರದ ಕೊಂಬೆ ಬಿದ್ದು ತಂತಿ ಹರಿಯಿತು. ಮೂರನೇ ಸಲ ಹರಿದ ತಂತಿ ತುಳಿದು ಒಂದು ಎಮ್ಮೆ ಸತ್ತಿತು. ಬುಡಕ್ಕೆ ಕಡಿಯಿರಿ ಎಂದು ಮೇಲಿಂದ ಆದೇಶ ಬಂತು. ಕಡಿಯಬೇಕಾದವರು ಇವರೇ. ಊರವರು ನಾಲ್ಕು ದಿನ ಗಲಾಟೆ ಮಾಡಿ, ಎಮ್ಮೆಯ ಜಾಗದಲ್ಲಿ ಮನುಷ್ಯರಿದ್ದರೆ ಎಂದು ಯಾರೋ ಕೇಳಿದ ಮೇಲೆ ಸುಮ್ಮನಾದರು. ಅತ್ತೆ ಮಾತ್ರ, "ಎಂಗೊ ಮನೆಮಂದಿ ಎಲ್ಲ ಇಷ್ಟು ದಿನ ಉಂಡ ಮರ ಅದು. ಇನ್ನು ಇಲ್ಲೆ" ಎಂದು ಒಳಗೆ ಹೋಗಿ ಮಲಗಿದರು.

ಕಡಿದ ದಿನ ಅವರು ಮನೆಗೆ ಬಂದರು. ಕೈಕಾಲು ತೊಳೆದು ಜಗುಲಿಯಲ್ಲಿ ಕೂತರು. ಮೈಯೆಲ್ಲ ಸೊನೆ. ಕಾಫಿ ತಣಿದರೂ ಮುಟ್ಟಲಿಲ್ಲ. "ಎಷ್ಟೋ ಮರ ಕಡ್ದಿದೀನಿ ಟೀಚ್ರೆ. ಇದು ಬ್ಯಾಡಾಗಿತ್ತು" ಎಂದರು. ಆಮೇಲೆ ಚೀಲ ಬಿಚ್ಚಿದರು. ನಲವತ್ತು ಕಡ್ಡಿ. ಎಲ್ಲ ಜೀರಿಗೆ ಮಾವಿನದು.

ಆ ಜೂನ್ ತಿಂಗಳಿಡೀ ಕೂತು ನಲವತ್ತನ್ನೂ ಕಟ್ಟಿದರು. ಬದುಕಿದ್ದು ಏಳು. ಏಳು ಮನೆಗೆ ಕೊಟ್ಟರು. ಒಂದನ್ನು ದನ ಎಳೆಯಿತು, ಒಂದಕ್ಕೆ ಗೆದ್ದಲು, ಉಳಿದವುಗಳಲ್ಲಿ ನಾಲ್ಕು ಬೇಸಿಗೆಗೆ ಒಣಗಿದವು. ಮರುವರ್ಷ ಹಳ್ಳದ ದಂಡೆಯಲ್ಲಿ ಉಳಿದ ಮರದ ಬೊಡ್ಡೆಯಿಂದ ಹೊಸ ಚಿಗುರು ಬಂದಿತ್ತು. ಅದರಿಂದ ಕಡ್ಡಿ ತೆಗೆದು ಇನ್ನೊಮ್ಮೆ ಕಟ್ಟಿದರು, ಆ ವರ್ಷ ಒಂದೂ ಹಿಡಿಯಲಿಲ್ಲ. ಕೊನೆಗೆ ಉಳಿದದ್ದು ನಮ್ಮ ಬೇಲಿ ಪಕ್ಕದ ಒಂದೇ ಒಂದು ಗಿಡ. "ಟೀಚರ ಮನೇಲಿ ಇದೆಯಲ್ಲ, ಸಾಕು. ಅದು ಬಂದ್ರೆ ಅದರಿಂದ ನೂರು ಮಾಡ್ಬಹುದು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಬೊಡ್ಡೆಯ ಕಡೆ ಹೋಗುವುದನ್ನು ಬಿಟ್ಟರು. ತಿಂಗಳಿಗೊಮ್ಮೆ ಬಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಹೋಗುವುದು ರೂಢಿಯಾಯಿತು.

ಮೂರನೇ ವರ್ಷದ ಮಳೆಗಾಲ. ಆಗ ನಮಗೊಂದು ಹಸುವಿತ್ತು. ಕೊಟ್ಟಿಗೆಗೆ ಹಾಸಲು ಸೊಪ್ಪು ತರುವವಳು ಜ್ವರವೆಂದು ಬಂದಿರಲಿಲ್ಲ. ಶಾಲೆಗೆ ಹೊತ್ತಾಗಿತ್ತು. ನಾನೇ ಕತ್ತಿ ಹಿಡಿದು ಬೇಲಿ ಪಕ್ಕಕ್ಕೆ ಹೋದೆ. ಕಳೆ ಎದೆಮಟ್ಟ ಬೆಳೆದಿತ್ತು. ಎಡಗೈಯಲ್ಲಿ ಹಿಡಿ ಹಿಡಿ ಸೇರಿಸಿಕೊಂಡು ಬಲಗೈಯಲ್ಲಿ ಬೀಸುತ್ತ ಹೋದೆ. ಹೊರೆ ತಂದು ಕೊಟ್ಟಿಗೆಯಲ್ಲಿ ಹರಡುವಾಗ ಕೈಗೆ ಕೆಂಪು ಟೇಪು ಸಿಕ್ಕಿತು. ಟೇಪಿನ ಮೇಲೆ ಅರ್ಧ ಆಳೆತ್ತರದ ಕಸಿ, ಎಲೆಗಳೆಲ್ಲ ಹಾಗೇ ಹಸಿರಾಗಿ. ಟೇಪಿನ ಕೆಳಗೆ ಎರಡು ಬೆರಳು ಕಡ್ಡಿ. ಅಂದರೆ ನಾನು ಕಡಿದದ್ದು ಕಸಿಯ ಗಂಟಿಗಿಂತ ಕೆಳಗೆ. ನೆಲದಲ್ಲಿ ಉಳಿದದ್ದು ಯಾವುದೋ ಕಾಡುಮಾವಿನ ಗೊರಟಿನಿಂದ ಹುಟ್ಟಿದ ಮೋಟು ಬುಡ. ಚಿಗುರಿದರೂ ಅದು ಜೀರಿಗೆ ಮಾವಲ್ಲ.

ಇದನ್ನು ತಿಳಿಯಲು ಯಾರೂ ನನಗೆ ಪಾಠ ಮಾಡಬೇಕಿರಲಿಲ್ಲ. ಚಿತ್ರ ಬರೆದು ಭಾಗ ಗುರುತಿಸಿ ಎಂದು ಇಪ್ಪತ್ತು ವರ್ಷ ಹೇಳಿಕೊಟ್ಟವಳು ನಾನು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅವಂಗೆ ಹೇಳಿಬಿಡು. ಎಂತ ಆಗ್ತಿಲ್ಲೆ" ಎಂದರು. ಹೇಳುತ್ತೇನೆ ಎಂದೆ. ಕಸಿಯ ತಲೆಯನ್ನು ಸೊಪ್ಪಿನ ಜೊತೆಗೇ ಹಸುವಿನ ಕಾಲ ಕೆಳಗೆ ಹಾಸಿ ಶಾಲೆಗೆ ಓಡಿದೆ. ಬಸ್ಸಿನಲ್ಲಿ ಕೂತು ಹೇಗೆ ಹೇಳುವುದೆಂದು ಮಾತು ಜೋಡಿಸಿದೆ. ಅವರು ಪೇಟೆಯ ನಡುವೆ ನಿಲ್ಲಿಸಿ ಬೈದರೆ, ಟೀಚರ್ ಆಗಿ ಇಷ್ಟೂ ಗೊತ್ತಾಗಲಿಲ್ವಾ ಎಂದರೆ, ಪೋಷಕರು ಕೇಳಿಸಿಕೊಂಡರೆ. ಜೋಡಿಸಿದ ಮಾತು ಅಲ್ಲೇ ಬಿಚ್ಚಿಹೋಯಿತು.

ಅವರು ಬಂದದ್ದು ಒಂದೂವರೆ ತಿಂಗಳ ಮೇಲೆ. ಆ ಮಳೆಗಾಲ ಲೈನುಗಳು ದಿನಾ ಬೀಳುತ್ತಿದ್ದವು, ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ಬುಡ ಚಿಗುರಿ ಎರಡು ಗೇಣು ಎದ್ದಿತ್ತು.

"ಎಂತ ಟೀಚ್ರೆ, ಗಿಡ ಹಿಂದೆ ಬಿತ್ತಲ್ಲ?"

"ದನ ಬಾಯಿ ಹಾಕ್ತು" ಎಂದೆ.

"ಟೇಪು?"

"ಬಿಗೀತಾ ಇತ್ತು. ಬಿಚ್ಚಿ ತೆಗೆದೆ."

"ಒಳ್ಳೇದು ಮಾಡಿದ್ರಿ. ಎಷ್ಟೋ ಜನ ಅದನ್ನ ಬಿಚ್ಚೋದೇ ಇಲ್ಲ" ಎಂದು ಮೆಚ್ಚಿಕೊಂಡರು. "ಚಿಗುರಿದೆಯಲ್ಲ, ಬರ್ತದೆ ಬಿಡಿ."

ಎಳೆ ಎಲೆಯಲ್ಲಿ ವಾಸನೆ ಸರಿಯಾಗಿ ತಿಳಿಯುವುದಿಲ್ಲ, ಕಾಯಿ ಬಂದಾಗಲೇ ನಿಜ ಎಂದು ಅವರೇ ಹೇಳುತ್ತಿದ್ದರು. ಆದರೂ ಬುಡ ಕೆದಕಿ ನೋಡಿದ್ದರೆ ಅವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಕೆದಕಲಿಲ್ಲ. ನನ್ನ ಮಾತು ನಂಬಿದರು. ಬೇರೆಯವರ ಮನೆಯಲ್ಲಿ ಬೇಲಿಯ ಗೂಟದಿಂದ ಹಿಡಿದು ಎಲ್ಲವನ್ನೂ ಅನುಮಾನಿಸುತ್ತಿದ್ದ ಮನುಷ್ಯ ನನ್ನೊಬ್ಬಳನ್ನು ನಂಬಿದ್ದು ನನ್ನ ದುರದೃಷ್ಟ, ಅವರದೂ.

ಆಮೇಲೆ ಎರಡು ವರ್ಷ ಹಳ್ಳದ ಬೊಡ್ಡೆ ಇನ್ನೂ ಜೀವಂತವಿತ್ತು. ಬಸ್ಸಿನ ಕಿಟಕಿಯಿಂದ ಅದರ ತಾಮ್ರದ ಬಣ್ಣದ ಚಿಗುರು ನನಗೆ ದಿನಾ ಕಾಣುತ್ತಿತ್ತು. ನಾಳೆ ಹೇಳೋಣ, ಪರೀಕ್ಷೆ ಮುಗಿಯಲಿ, ಅತ್ತೆಯ ವರ್ಷಾಂತಿಕ ಕಳೆಯಲಿ ಎಂದು ದಿನ ದೂಡಿದೆ. ಆ ನಡುವೆ ಅತ್ತೆಯೂ ಹೋಗಿದ್ದರು, ನೆನಪಿಸುವವರು ಇರಲಿಲ್ಲ. ಮೂರನೇ ವರ್ಷ ಸೇತುವೆ ಅಗಲ ಮಾಡಲು ಬಂದ ಜೆಸಿಬಿ ಬೊಡ್ಡೆಯನ್ನು ಬೇರು ಸಮೇತ ಎತ್ತಿ ಹಾಕಿತು. ಅವತ್ತು ಸಂಜೆ ಅವರೇ ಬಂದು ಹೇಳಿದರು. ಅವರಿಗೆ ಅಷ್ಟೇನೂ ಬೇಸರವಾಗಿರಲಿಲ್ಲ. ನಮ್ಮ ಗಿಡದ ಕಡೆ ಕೈ ತೋರಿಸಿ, "ಇದೊಂದು ಇದೆಯಲ್ಲ" ಎಂದರು. ನಾನು ಒಳಗೆ ಹೋಗಿ, ಬೇಯಿಸಲು ಏನೂ ಇಲ್ಲದಿದ್ದರೂ ಒಲೆಯ ಮೇಲೆ ಪಾತ್ರೆ ಇಟ್ಟೆ.

ಅವರು ನಿವೃತ್ತರಾದರು. ನಾನೂ ಆದೆ. ಅವರಿಗೆ ಬಿಪಿ, ಉಪ್ಪು ಬಂದ್. ಉಪ್ಪಿನಕಾಯಿ ನೆಕ್ಕುವುದೂ ಬೇಡ ಎಂದಿದ್ದರು ಡಾಕ್ಟರು. "ಮೂಸಕ್ಕೆ ಬ್ಯಾಡ ಅಂದಿಲ್ವಲ್ಲ" ಎಂದು ನಗುತ್ತಿದ್ದರು. ಊರಿಗೆ ಹೋಗಿ ನೆಲೆಸಿದ ಮೇಲೂ ಫೋನ್ ಮಾಡುತ್ತಿದ್ದರು. "ಹೂವು ಬಂತಾ?" ಜನವರಿ ಬಂದರೆ ಸಾಕು, ನನಗೆ ಆ ಫೋನಿನ ಹೆದರಿಕೆ. ಆ ಮರ ಹೂ ಬಿಡದೆ ಬಂಜೆಯಾಗಿಯೇ ಉಳಿಯಲಿ ಎಂದು ಹರಕೆ ಹೊತ್ತವಳು ನಾನು. ಸಿಗಂದೂರಿನ ಅಮ್ಮನಿಗೆ ಬೇಕಾದಷ್ಟು ಹರಕೆ ಬಂದಿರಬಹುದು, ಇಂಥದ್ದು ಬಂದಿರಲಿಕ್ಕಿಲ್ಲ.

ಕಳೆದ ವರ್ಷ ಹೂ ಬಿಟ್ಟಿತು, ಮೈತುಂಬ. ನಾನು ಹೇಳಲಿಲ್ಲ. ಪೇಟೆಯವರು ಯಾರೋ ಹೇಳಿದರು. ಮಿಡಿ ಕಟ್ಟಿದ ಸಮಯ ನೋಡಿ ಎರಡು ಬಸ್ಸು ಬದಲಿಸಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಅವರನ್ನು ಖಾಕಿ ಬಿಟ್ಟು ಬೇರೆ ಬಟ್ಟೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ನಡೆಯುವಾಗ ಏದುಸಿರು. ಕೂರಿ ಎಂದರೂ ಕೂರದೆ ನೇರ ಮರದ ಹತ್ತಿರ ಹೋದರು. ಒಂದು ಮಿಡಿಯನ್ನು ತೊಟ್ಟು ಸಮೇತ ಕೊಯ್ದು, ತೊಟ್ಟು ಮುರಿದು, ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು. ಇನ್ನೊಂದು ಕೊಯ್ದರು. ಮೂರನೆಯದನ್ನು ಕಚ್ಚಿ ಉಗಿದರು.

"ಟೀಚ್ರೆ, ಇದು ಅದಲ್ಲ."

ಕಚ್ಚಿದ ಮಿಡಿಯನ್ನು ನನ್ನ ಕಡೆ ಚಾಚಿದರು.

"ಇದು ಅಡಿಗಿಡದ ಕಾಯಿ. ಎಂತ ಆಯ್ತು?"

ಆಗ ಹೇಳಿದೆ. ಸೊಪ್ಪು, ಕತ್ತಿ, ಟೇಪು, ಎಲ್ಲ. ಅವರು ಮರಕ್ಕೆ ಕೈ ಊರಿಕೊಂಡು ಕೇಳಿದರು.

"ಯಾವ ವರ್ಷ?"

"ನೆಟ್ಟ ಮೂರನೇ ವರ್ಷ."

ಬೆರಳು ಮಡಚಿ ಲೆಕ್ಕ ಹಾಕಿದರು. ಒಂದು ಸಲ ಹಾಕಿ, ಮತ್ತೆ ಇನ್ನೊಂದು ಸಲ. "ಆಗ ಬೊಡ್ಡೆ ಇತ್ತು ಟೀಚ್ರೆ. ಚಿಗುರ್ತಾ ಇತ್ತು. ಒಂದು ಮಾತು ಹೇಳಿದ್ರೆ ಅವತ್ತೇ ಹೋಗಿ ಕಡ್ಡಿ ತರ್ತಿದ್ದೆ."

"ನೀವು ಬೈತೀರಿ ಅಂತ ಹೆದರಿದೆ."

"ಬೈತಿದ್ದೆ" ಎಂದರು. "ಬೈದು, ಹೋಗಿ ಕಡ್ಡಿ ತರ್ತಿದ್ದೆ."

ಆವತ್ತಾದರೂ ಬೈಯಲಿ ಎಂದು ಕಾದೆ. ಬೈಯಲಿಲ್ಲ. ಜಗುಲಿಗೆ ಬಂದು ಅರ್ಧ ಲೋಟ ಮಜ್ಜಿಗೆ ಕುಡಿದರು, ಉಪ್ಪಿಲ್ಲದ್ದು. ನಾನು ತಡೆಯಲಾರದೆ, "ಇದನ್ನ ಕಡಿಸಿ ಹಾಕ್ತೀನಿ" ಎಂದೆ. "ಬ್ಯಾಡ. ಅದು ಎಂತ ಮಾಡಿದೆ ಪಾಪ" ಎಂದರು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಎದ್ದು ಹೋದರು. ಅವರ ಬೆನ್ನು ಅಷ್ಟು ಬಾಗಿದೆ ಎಂದು ನನಗೆ ತಿಳಿದದ್ದು ಆಗ. ಆಮೇಲೆ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಐದು ತಿಂಗಳಿಗೆ ಅವರು ಹೋದರು.

ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಹೋಗದಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆದರೂ ಹೋದೆ. ತೀರ್ಥಹಳ್ಳಿ ದಾಟಿ ಒಳಗೆ ಮೂರು ಮೈಲಿ, ಶಾಮಿಯಾನ ಹಾಕಿದ ಅಂಗಳ. ಅವರ ಹೆಂಡತಿಯನ್ನು ಅದೇ ಮೊದಲು ನೋಡಿದ್ದು. ನಾನು ಇಂಥವಳು ಎಂದು ಹೇಳಿಕೊಂಡೆ. ಆಕೆಯ ಮುಖ ಅರಳಿತು. ನನ್ನ ಕೈ ಹಿಡಿದು ಹೆಂಗಸರ ಪಂಕ್ತಿಗೆ ಕರೆದೊಯ್ದು ಕೂರಿಸಿ, ಅಕ್ಕಪಕ್ಕದವರಿಗೆಲ್ಲ, "ಇವ್ರೇ ಆ ಟೀಚರು. ನಮ್ಮನೆಯವ್ರು ಹಳ್ಳದ ಮಾವು ಕಡ್ದಿದ್ರಲ್ಲ, ಆ ಮರ ಇವ್ರ ಮನೇಲಿ ಉಳ್ದಿದೆ. ಕಾಯೂ ಬಿಟ್ಟಿದೆಯಂತೆ. ನೋಡ್ಕೊಂಡು ಬಂದು ಹೇಳಿದ್ರು. ಕೊನೇಗೆ ಅದೊಂದು ಸಮಾಧಾನ ಇತ್ತು ಅವ್ರಿಗೆ" ಎಂದರು. ಹೆಂಗಸರು ನನ್ನ ಕಡೆ ಗೌರವದಿಂದ ನೋಡಿದರು. ಒಬ್ಬರು, ಪುಣ್ಯದ ಕೆಲಸ ಎಂದರು.

ಎಲೆಯ ಮೇಲೆ ಅನ್ನ ಬಿದ್ದಿತ್ತು. ಕೈ ಹಾಕಲಾಗಲಿಲ್ಲ. ನನ್ನ ಹೆಸರು ಕೆಡಬಾರದೆಂದು ಅವರು ಸ್ವಂತ ಹೆಂಡತಿಗೆ ಸುಳ್ಳು ಹೇಳಿ ಹೋಗಿದ್ದರು. ನಾನು ತಲೆಯಾಡಿಸಿ ಉಂಡು ಬರಬಹುದಿತ್ತು. ಅದು ನನಗೆ ಚೆನ್ನಾಗಿ ಅಭ್ಯಾಸವಿದ್ದ ಕೆಲಸ.

"ಇಲ್ಲಮ್ಮ" ಎಂದೆ. "ಅದು ಆ ಮರ ಅಲ್ಲ. ಅದನ್ನ ಮೂರನೇ ವರ್ಷಕ್ಕೆ ಸೊಪ್ಪಿನ ಜೊತೆ ನಾನೇ ಕಡಿದುಬಿಟ್ಟೆ. ಹೆದರಿ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಮತ್ತೆ ಕಟ್ಟುತ್ತಿದ್ದರು. ಕಾಯಿ ಬಿಟ್ಟ ದಿನ ಅವರಿಗೂ ಗೊತ್ತಾಯಿತು."

ಬಡಿಸುವವರು ಸೌಟು ಹಿಡಿದು ನಿಂತಿದ್ದರು. ಆಕೆ ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ಅವತ್ತು ಬಿಳಿ ಅಂಗಿಯಲ್ಲಿ ಬಂದು ಬಾಗಿಲಲ್ಲಿ ನಿಂತ ಗಂಡನನ್ನು ಇನ್ನೊಮ್ಮೆ ನೆನಪಿಸಿಕೊಳ್ಳುತ್ತಿದ್ದರೋ ಏನೋ.

"ಅದಕ್ಕೇ ಆ ರಾತ್ರಿ ಉಣ್ಲಿಲ್ಲ" ಎಂದರು. ಆಮೇಲೆ ಬಡಿಸುವವರಿಗೆ, "ಅವ್ರಿಗೆ ಸಾರು ಹಾಕಿ" ಎಂದು ಮುಂದಿನ ಎಲೆಗೆ ಹೋದರು.

ನಾನು ಉಂಡೆ. ವರ್ಷಗಟ್ಟಲೆ ಗಂಟಲಲ್ಲಿ ಹಿಡಿದಿಟ್ಟುಕೊಂಡಿದ್ದ ಮಾತು ಅದು. ಹೇಳಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.